ಭಟ್ಟಿ ಆರಿಸಿದ ನಾಲ್ಕನೇ ದಿನದ ಮಳೆ

ಡಂಬಳ ದಾಟಿ ಮುಂಡರಗಿಯ ಕಡೆ ಹೋಗುವಾಗ ಒಂದು ಬಂಡಿದಾರಿ ಒಳಗೆ ಹೊರಳುತ್ತದೆ. ಅದರ ತುದಿಗೆ ಒಂದು ಸಣ್ಣ ಊರು. ಹೆಸರು ಹೇಳುವುದಿಲ್ಲ. ಹೇಳಿದರೆ ಬಾಕಿ ಊರಿನವರೆಲ್ಲ ಅದು ಅವರ ಹಣೆಬರಹ ಎಂದು ಸುಮ್ಮನಾಗಿಬಿಡುತ್ತಾರೆ. ನಿಮ್ಮೂರಿನದೇ ಕತೆ ಎಂದುಕೊಂಡು ಕೇಳಿರಿ.

ಸ್ವಾತಂತ್ರ್ಯ ಬಂದು ಐದು ವರ್ಷವಾಗಿತ್ತು. ಆ ಸಲ ಮೃಗಶಿರಾ ಮಳೆ ಕೈಕೊಟ್ಟಿತು. ಆರಿದ್ರಾ ಶುರುವಾಯಿತು, ಅದೂ ಹನಿ ಉದುರಿಸಲಿಲ್ಲ. ದಿನಾ ಮಧ್ಯಾಹ್ನ ಪಡುವಣದಿಂದ ಮೋಡ ಬರುತ್ತಿದ್ದವು, ಊರ ಮೇಲೆ ಹಾದು ಮೂಡಣಕ್ಕೆ ಹೋಗಿಬಿಡುತ್ತಿದ್ದವು. 'ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ' ಎಂದು ಹಿರಿಯರು ಸುಮ್ಮನೆ ಅಂದದ್ದಲ್ಲ. ಕೂರಿಗೆ ಸಜ್ಜು ಮಾಡಿಟ್ಟುಕೊಂಡು ಜನ ಕಟ್ಟೆಯ ಮೇಲೆ ಕುಳಿತಿದ್ದರು. ಕೆಲಸವಿಲ್ಲದ ಬಾಯಿ ಏನಾದರೂ ಅಗಿಯಬೇಕಲ್ಲ, ಯಾರೋ ಮಳೆ ಕಟ್ಟಿದ್ದಾರೆ ಎಂಬ ಮಾತು ಅಲ್ಲಿಯೇ ಹುಟ್ಟಿತು.

ಆ ಮಾತು ಕಿವಿಗೆ ಬಿದ್ದಾಗ ಹುಚ್ಚಪ್ಪನ ಎದೆ ಧಸಕ್ಕೆಂದಿತು. ಹುಚ್ಚಪ್ಪ ಊರಿನಲ್ಲಿ ತೂಕದ ಮನುಷ್ಯ. ಬಿತ್ತಿಗೆಯ ದಿನ ಕೂರಿಗೆಗೆ ಮೊದಲ ಪೂಜೆ ಅವನದೇ. ಅವನ ಎದೆ ಧಸಕ್ಕೆನ್ನಲು ಒಂದು ಕಾರಣವಿತ್ತು, ಅದು ಅವನನ್ನೂ ಅವನ ಹೆಂಡತಿ ಮುತ್ತವ್ವನನ್ನೂ ಬಿಟ್ಟರೆ ಒಬ್ಬನಿಗೇ ಗೊತ್ತಿತ್ತು. ಆ ಒಬ್ಬ ಸುಣ್ಣ ಸುಡುವ ಮಹಬೂಬಸಾಬ.

ಊರಿನಲ್ಲಿ ಹಳೆಯದೊಂದು ಕಟ್ಟಳೆ ಇತ್ತು. ರೋಹಿಣಿ ಮಳೆ ಮುಗಿಯುವುದರೊಳಗೆ ಸುಣ್ಣದ ಭಟ್ಟಿ ಆರಿರಬೇಕು. ಆಮೇಲೆ ಬೆಂಕಿ ಹಚ್ಚಿದರೆ ಹೊಗೆ ಮೋಡಕ್ಕೆ ತಾಗಿ ಮಳೆ ನಿಲ್ಲುತ್ತದೆ ಎಂದು ಜನರ ನಂಬಿಕೆ. ಮಹಬೂಬಸಾಬ ಇದನ್ನು ನಂಬುತ್ತಿರಲಿಲ್ಲ. ಆದರೂ ಅವನ ಅಪ್ಪ ಪಾಲಿಸಿದ್ದ, ಇವನೂ ಪಾಲಿಸುತ್ತಿದ್ದ. ಊರಲ್ಲಿ ಬಾಳಬೇಕಾದವನು ಊರಿನ ಮಾತು ಮೀರಬಾರದು ಎಂಬ ಬುದ್ಧಿ ಅವನಿಗಿತ್ತು.

ಆ ವರ್ಷ ಕಟ್ಟಳೆ ಮುರಿದದ್ದು ಹುಚ್ಚಪ್ಪನಿಗಾಗಿ. ಶ್ರಾವಣದಲ್ಲಿ ಮಗಳ ಲಗ್ನ ಗೊತ್ತಾಗಿತ್ತು, ಮನೆಯ ಮುಂದಿನ ಗೋಡೆಯ ಗಿಲಾವು ಕಿತ್ತು ಬಿದ್ದಿತ್ತು. ಬೀಗರು ಬರುವ ಹೊತ್ತಿಗೆ ಗೋಡೆ ಹಾಗೆ ಹಲ್ಲು ಕಿರಿದುಕೊಂಡು ನಿಂತಿದ್ದರೆ ಹೇಗೆ? ಹುಚ್ಚಪ್ಪ ಒಬ್ಬನೇ ಭಟ್ಟಿಯ ಹತ್ತಿರ ಹೋಗಿ ಕೇಳಿದ. ಮಹಬೂಬಸಾಬ ಎರಡು ಸಲ ಬೇಡವೆಂದ.

"ನಾಕ ಪುಟ್ಟಿ ಸುಣ್ಣ ಆದ್ರ ಸಾಕೋ ಸಾಬ," ಎಂದ ಹುಚ್ಚಪ್ಪ. "ಮಂದಿ ಕೇಳಿದ್ರ ನಾ ಅದೀನಿ."

ಆ ಒಂದು ಮಾತಿನ ಮೇಲೆ, ಆರಿದ್ರಾ ಮಳೆಯ ಮೂರನೇ ದಿನ, ಭಟ್ಟಿಗೆ ಬೆಂಕಿ ಬಿತ್ತು. ಹೊಗೆ ಊರಿಗೆಲ್ಲ ಕಂಡಿತು, ಯಾರ ಸುಣ್ಣ ಎಂಬುದು ಮಾತ್ರ ಕಾಣಲಿಲ್ಲ.

ಇಷ್ಟೇ ಆಗಿದ್ದರೆ ನಾಲ್ಕು ಬೈಗುಳದಲ್ಲಿ ಮುಗಿಯುತ್ತಿತ್ತೇನೋ. ಆದರೆ ಅದೇ ವಾರ ಜಯತೀರ್ಥ ಮಾಸ್ತರರು ನಕಾಶೆ ತೂಗುಹಾಕಿದರು. ಮಾಸ್ತರರು ಓದುವ ಹುಚ್ಚಿನವರು. ಕನ್ನಡನಾಡೆಲ್ಲ ಒಂದಾದರೆ ಹೇಗೆ ಕಾಣುತ್ತದೆಂದು ದೊಡ್ಡ ನಕಾಶೆ ಬರೆದು ಗದಗಿನ ಏಕೀಕರಣದ ಸಭೆಗೆ ಹೊತ್ತುಕೊಂಡು ಹೋಗಿದ್ದರು. ಈಗ ಶಾಲೆಯ ಪ್ರಪಂಚದ ನಕಾಶೆ ತೆಗೆದು ಅದರ ಮೇಲೆ ಕೆಂಪು ಶಾಯಿಯಿಂದ ಸುತ್ತು ಹಾಕಿದರು. ಮನುಷ್ಯ ತಾನೇ ಮಳೆ ತರಿಸಲು ಎಲ್ಲೆಲ್ಲಿ ಪ್ರಯತ್ನ ಮಾಡುತ್ತಿದ್ದಾನೆ ಎಂದು ಪತ್ರಿಕೆಯಲ್ಲಿ ಓದಿದ್ದನ್ನೆಲ್ಲ ಗುರುತು ಮಾಡಿದ್ದರು. ಅಮೇರಿಕಾಕ್ಕೆ ಒಂದು ಸುತ್ತು, ಅಲ್ಲಿ ವಿಮಾನದಿಂದ ಮೋಡದ ಮೇಲೆ ತಣ್ಣನೆಯ ಪುಡಿ ಸುರಿದಿದ್ದರು. ಆಸ್ಟ್ರೇಲಿಯಾಕ್ಕೆ ಒಂದು. ನಮ್ಮದೇ ಪಡುವಣ ಘಟ್ಟಕ್ಕೆ ಒಂದು, ಅಲ್ಲಿ ನೆಲದ ಮೇಲೆ ಒಲೆ ಹೂಡಿ ಬೆಳ್ಳಿ ಬೆರೆತ ರಸಾಯನದ ಹೊಗೆ ಮೇಲಕ್ಕೆ ಬಿಟ್ಟಿದ್ದರು.

ಸಂಜೆ ಶಾಲೆಯ ಮುಂದೆ ಜನ ಕೂಡಿದರು. ಮಾಸ್ತರರು ಕೋಲು ಹಿಡಿದು ಒಂದೊಂದೇ ಸುತ್ತು ತೋರಿಸಿದರು. ಅವರ ದನಿಯಲ್ಲಿ ಹೆಮ್ಮೆ ಇತ್ತು. ಆ ಸುತ್ತುಗಳಲ್ಲಿ ಕೊನೆಗೆ ಏನಾಯಿತು ಎಂಬುದನ್ನು ಮಾತ್ರ ಅವರು ಹೇಳಲಿಲ್ಲ, ಯಾಕೆಂದರೆ ಅದು ಪತ್ರಿಕೆಯಲ್ಲಿ ಇರಲಿಲ್ಲ.

ಹುಚ್ಚಪ್ಪನಿಗೆ ತಡೆಯಲಾಗಲಿಲ್ಲ. "ಮಾಸ್ತರ, ಹೊಗಿಯಿಂದ ಮಳಿ ತರಾಕ ಬರತೈತಿ ಅಂದ್ರ, ಹೊಗಿಯಿಂದ ಮಳಿ ಓಡ್ಸಾಕೂ ಬರಬೇಕಲ್ರಿ?"

"ಬಂದ್ರೂ ಬರಬಹುದು," ಎಂದರು ಮಾಸ್ತರರು, ಮತ್ತು ಮುಂದಿನ ಸುತ್ತಿಗೆ ಹೋದರು.

ಕಲಿತವರಿಗೆ ಗೊತ್ತಿಲ್ಲ ಎನ್ನಲು ನಾಚಿಕೆ. ಆ ನಾಚಿಕೆಗೆ ಬಡವನೊಬ್ಬನ ಕಣ್ಣು ಹೋಯಿತು.

ಮರುದಿನ ಬೆಳಿಗ್ಗೆ ಹಳೆಯ ನಂಬಿಕೆ ಹೊಸ ಅಂಗಿ ತೊಟ್ಟುಕೊಂಡು ಊರೆಲ್ಲ ತಿರುಗಿತು. ಮಾಸ್ತರರೇ ಹೇಳಿದ್ದಾರೆ, ನಕಾಶೆಯಲ್ಲೇ ಇದೆ, ಅಮೇರಿಕಾದವರೂ ಒಪ್ಪಿದ್ದಾರೆ. ಮಧ್ಯಾಹ್ನದ ಹೊತ್ತಿಗೆ ಅರವತ್ತು ಎಪ್ಪತ್ತು ಮಂದಿ ಹುಚ್ಚಪ್ಪನ ಕಟ್ಟೆಯ ಮುಂದೆ ನಿಂತಿದ್ದರು. ಐದು ಮನೆಯ ನೀರಿನ ಕೊಡ ತಂದಿದ್ದರು. ಭಟ್ಟಿಗೆ ನೀರು ಹೊಯ್ದು ಆರಿಸಿದರೆ ಕಟ್ಟು ಬಿಚ್ಚಿ ಮಳೆ ಬರುತ್ತದೆ, ಮೊದಲ ಕೊಡ ಹಿರಿಯನಾದ ಹುಚ್ಚಪ್ಪನೇ ಹೊಯ್ಯಬೇಕು ಎಂದರು.

ಆಗ ಅವನು ಹೇಳಬೇಕಾಗಿದ್ದುದು ಒಂದೇ ಮಾತು. ಆ ಸುಣ್ಣ ನನ್ನದು. ಅಷ್ಟು ಹೇಳಿದ್ದರೆ ಜನ ಅವನನ್ನು ನಾಲ್ಕು ದಿನ ಬೈದು ಮರೆಯುತ್ತಿದ್ದರು. ಹುಚ್ಚಪ್ಪ ಹೊಸ್ತಿಲಲ್ಲಿ ನಿಂತಿದ್ದ ಮುತ್ತವ್ವನ ಮುಖ ನೋಡಿದ. ಮಗಳ ಲಗ್ನ ನೆನಪಾಯಿತು. ಕೊಡ ಹೆಗಲಿಗೆ ಏರಿತು.

ಸುಟ್ಟ ಸುಣ್ಣದ ಕಲ್ಲಿಗೆ ನೀರು ತಾಗಿದರೆ ಏನಾಗುತ್ತದೆಂದು ಗೋಡೆಗೆ ಸುಣ್ಣ ಹಚ್ಚಿದ ಎಲ್ಲರಿಗೂ ಗೊತ್ತು. ಒಂದು ಹಿಡಿ ಕಲ್ಲಿಗೆ ಚೆಂಬು ನೀರು ಹಾಕಿದರೆ ಕೊತಕೊತ ಕುದಿಯುತ್ತದೆ. ಇದು ಭಟ್ಟಿ ತುಂಬ ಕಲ್ಲು, ಅದೂ ಕೆಂಡದ ಮೇಲೆ. ಆದರೆ ಗುಂಪಿನಲ್ಲಿದ್ದವನಿಗೆ ಮನೆಯಲ್ಲಿ ಗೊತ್ತಿದ್ದದ್ದು ಮರೆತುಹೋಗುತ್ತದೆ. ಮಹಬೂಬಸಾಬ ದೂರದಿಂದಲೇ ನೀರು ಹಾಕಬೇಡಿರಿ ಎಂದು ಕೂಗುತ್ತ ಓಡಿ ಬಂದ. ಹುಚ್ಚಪ್ಪ ಆಗಲೇ ಕೊಡ ಬಾಗಿಸಿದ್ದ. ಸಾಬ ಅವನ ತೋಳು ಹಿಡಿದು ಹಿಂದಕ್ಕೆ ಎಳೆದು ಒಗೆದ. ಹುಚ್ಚಪ್ಪ ನೆಲಕ್ಕೆ ಬಿದ್ದ. ಅವನು ನಿಂತಿದ್ದ ಜಾಗದಲ್ಲಿ ಈಗ ಸಾಬ ನಿಂತಿದ್ದ, ಕುದಿಯುವ ಸುಣ್ಣ ಸಿಡಿದದ್ದು ಅವನ ಮುಖಕ್ಕೆ.

ನೀರಿನಿಂದಲೇ ಹೀಗಾಯಿತೆಂದು ಹೆದರಿ ಯಾರೂ ಅವನ ಕಣ್ಣಿಗೆ ನೀರು ಹಾಕಲಿಲ್ಲ. ಎಣ್ಣೆ ಹಚ್ಚಿ ಬಂಡಿಯಲ್ಲಿ ಮಲಗಿಸಿಕೊಂಡು ಗದಗಿಗೆ ಒಯ್ದರು. ಕೂಡಲೇ ಕೊಡಗಟ್ಟಲೆ ತಣ್ಣೀರು ಹೊಯ್ದು ತೊಳೆದಿದ್ದರೆ ಒಂದು ಕಣ್ಣಾದರೂ ಉಳಿಯುತ್ತಿತ್ತೇನೋ ಎಂದರು ಡಾಕ್ಟರು. ಎರಡೂ ಹೋದವು. ಕಟ್ಟಿಗೆ ಹಾಕುವವರಿಲ್ಲದೆ ಭಟ್ಟಿಯೂ ಆ ರಾತ್ರಿಯೇ ಆರಿತ್ತು.

ನಾಲ್ಕನೇ ದಿನ ಮಳೆ ಬಂತು.

ಬಂದದ್ದು ಎಂಥ ಮಳೆ ಅಂತೀರಿ, ಹಳ್ಳ ತುಂಬಿ ಹರಿಯಿತು. ಊರು ಕುಣಿಯಿತು. ಭಟ್ಟಿ ಆರಿಸಿದ್ದಕ್ಕೇ ಬಂತು ಎಂದು ಸಣ್ಣವರು ದೊಡ್ಡವರು ಎಲ್ಲರೂ ಒಪ್ಪಿಕೊಂಡರು. ಹೆಚ್ಚು ಗಟ್ಟಿಯಾಗಿ ಒಪ್ಪಿಕೊಂಡವನು ಹುಚ್ಚಪ್ಪ. ಒಪ್ಪದೆ ಅವನಿಗೆ ಗತಿ ಇರಲಿಲ್ಲ. ಭಟ್ಟಿ ಆರಿದ್ದರಿಂದ ಮಳೆ ಬಂದಿದ್ದರೆ ಸಾಬನ ಕಣ್ಣು ಊರಿನ ಬೆಳೆಗಾಗಿ ಹೋದಂತಾಯಿತು. ಹಾಗಲ್ಲದಿದ್ದರೆ ಅವು ಯಾತಕ್ಕಾಗಿ ಹೋದವು? ಆ ಪ್ರಶ್ನೆಯ ಹತ್ತಿರ ಹೋಗಲು ಅವನಿಗೆ ಹೆದರಿಕೆ.

ಮುತ್ತವ್ವ ಗಂಡನ ಜೋಡಿ ಮಾತು ಬಿಟ್ಟಳು. ದಿನಾ ರೊಟ್ಟಿ ಕಟ್ಟಿಕೊಂಡು ಮಹಬೂಬಸಾಬನ ಮನೆಗೆ ಹೋಗುತ್ತಿದ್ದಳು. ಅವನ ಹೆಂಡತಿ ಅಲ್ಮಾಸಬಿ ಬಾಗಿಲಲ್ಲಿಯೇ ತೆಗೆದುಕೊಳ್ಳುತ್ತಿದ್ದಳು, ಒಳಗೆ ಕರೆಯುತ್ತಿರಲಿಲ್ಲ.

ಇತ್ತ ಜಯತೀರ್ಥ ಮಾಸ್ತರರು ಸೈಕಲ್ ಹತ್ತಿದ್ದರು. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ, ಗದಗ, ಒಂದೊಂದು ಕಚೇರಿಗೂ ಹೋಗಿ, ಅಂಗಳದಲ್ಲಿ ಹುಗಿದ ಮಳೆ ಅಳೆಯುವ ಪಾತ್ರೆಯ ಲೆಕ್ಕ ಬರೆದುಕೊಂಡು ಬಂದರು. ಹನ್ನೆರಡು ದಿನ ಹಿಡಿಯಿತು. ಆಮೇಲೆ ನಮ್ಮ ಸೀಮೆಯದೇ ಎರಡನೆಯ ನಕಾಶೆ ಬರೆದು, ಶಾಲೆಗಲ್ಲ, ನೇರವಾಗಿ ಹುಚ್ಚಪ್ಪನ ಪಡಸಾಲೆಗೆ ತಂದು ಹಾಸಿದರು. ಮುತ್ತವ್ವ ಕಂಬಕ್ಕೆ ಒರಗಿ ನಿಂತಳು.

"ಇದನೇನ ತೋರಸ್ತೀರಿ ಮಾಸ್ತರ," ಎಂದ ಹುಚ್ಚಪ್ಪ. "ಭಟ್ಟಿ ಆರಿತು, ಮಳಿ ಬಂತು. ಕಣ್ಣಾರೆ ಕಂಡೀವಿ."

ಮಾಸ್ತರರು ವಾದ ಹಾಕಲಿಲ್ಲ. ಬೆರಳಿಟ್ಟು ಓದಿದರು. ಊರಲ್ಲಿ ಮಳೆ ಬಂದ ಅದೇ ಮಂಗಳವಾರ ಮುಂಡರಗಿಯಲ್ಲಿ ಒಂದಿಂಚು ಮಳೆ. ಶಿರಹಟ್ಟಿಯಲ್ಲಿ ಒಂದಿಂಚಿಗೆ ಸ್ವಲ್ಪ ಕಡಿಮೆ. ಲಕ್ಷ್ಮೇಶ್ವರದಲ್ಲಿ ಒಂದೂಕಾಲು. ಗದಗಿನಲ್ಲಿ ಒಂದಿಂಚು. ಕಳಸಾಪುರದಲ್ಲೂ ಹಿರೇವಡ್ಡಟ್ಟಿಯಲ್ಲೂ ಪಾತ್ರೆ ಇಲ್ಲ, ಆದರೆ ಅದೇ ದಿನ ಹಳ್ಳ ಬಂದದ್ದನ್ನು ಕೇಳಿಕೊಂಡು ಬಂದಿದ್ದರು.

"ಲಕ್ಷ್ಮೇಶ್ವರದಾಗ ಯಾರು ಭಟ್ಟಿ ಆರಿಸಿದ್ರು, ಹುಚ್ಚಪ್ಪ?"

ಹುಚ್ಚಪ್ಪ, ನಮ್ಮೂರ ಕಟ್ಟು ಬಿಚ್ಚಿದ್ದಕ್ಕೆ ಸುತ್ತಲೂ ಬಿದ್ದಿರಬೇಕು ಎಂದು ಗೊಣಗಿದ. ಮುಳುಗುವವನು ಹುಲ್ಲುಕಡ್ಡಿ ಬಿಡುವನೇ?

ಮಾಸ್ತರರು ಹಾಳೆ ಹೊರಳಿಸಿದರು. ಹಿಂದಿನ ಪುಟದಲ್ಲಿ ಮೃಗಶಿರಾ ಮಳೆಯ ಲೆಕ್ಕ. ನಾಲ್ಕೂ ಊರಿನ ಮುಂದೆ ಸೊನ್ನೆ, ಸೊನ್ನೆ, ಸೊನ್ನೆ, ಸೊನ್ನೆ. "ಭಟ್ಟಿಗೆ ಬೆಂಕಿ ಬಿದ್ದದ್ದು ಆರಿದ್ರಾದಾಗ," ಎಂದರು. "ಮೃಗಶಿರಾ ಮಳಿ ಕಟ್ಟಿದವರು ಯಾರು?"

ಹುಚ್ಚಪ್ಪ ಹಾಳೆಯನ್ನು ತನ್ನ ಕಡೆ ಎಳೆದುಕೊಂಡು ಸೊನ್ನೆಗಳ ಮೇಲೆ ಬೆರಳಾಡಿಸಿದ. ಭಟ್ಟಿಗೆ ಬೆಂಕಿ ಬಿದ್ದ ದಿನ ಅವನಷ್ಟು ಚೆನ್ನಾಗಿ ಯಾರಿಗೆ ಗೊತ್ತು?

"ತಪ್ಪು ನಂದೂ ಅದ," ಎಂದರು ಮಾಸ್ತರರು. "ಆ ದೊಡ್ಡ ನಕಾಶಿದಾಗ ಸುತ್ತು ಹಾಕಿದೆ, ಅಲ್ಲೇನಾತು ಅಂತ ಬರೀಲಿಲ್ಲ. ಈಗ ಗದಗಿನಾಗ ವಿಚಾರಿಸಿದೆ, ಮಳಿ ನಮ್ಮಿಂದ ಬಂತು ಅಂತ ಕೆಲವರು, ಹೆಂಗೂ ಬರತಿತ್ತು ಅಂತ ಕೆಲವರು ಇನ್ನೂ ಜಗಳಾಡ್ಲಿಕ್ಕೆ ಹತ್ಯಾರ. ನನಗ ಗೊತ್ತಿಲ್ಲ ಅನ್ನಬೇಕಿತ್ತು ನಾನು."

ಆಗ ಮುತ್ತವ್ವ ಎಷ್ಟೋ ದಿನಗಳ ಮೇಲೆ ಬಾಯಿ ತೆರೆದಳು.

"ಮಾಸ್ತರು ತಮ್ಮ ಪಾಲಿಂದು ಹೇಳಿದ್ರು. ಇನ್ನ ನಿಮ್ಮ ಪಾಲಿಂದು ಹೇಳ್ರಿ."

ಹುಚ್ಚಪ್ಪ ಅತ್ತುಬಿಟ್ಟ. ಮಳೆಗಾಗಿ ಹೋದವು ಎಂದುಕೊಂಡಿದ್ದ ಸಾಬನ ಕಣ್ಣು ಸುಮ್ಮಸುಮ್ಮನೆ ಹೋಗಿದ್ದವು. ಗಂಡಸು ಅಷ್ಟು ಅತ್ತದ್ದನ್ನು ಮಾಸ್ತರರು ಅದೇ ಮೊದಲು ನೋಡಿದ್ದು.

ಅವನು ಎದ್ದು ಮಹಬೂಬಸಾಬನ ಮನೆಗೆ ನಡೆದ. ಅಲ್ಮಾಸಬಿ ಬಾಗಿಲಲ್ಲಿ ತಡೆದಳು, ಆಮೇಲೆ ಅವನ ಮುಖ ನೋಡಿ ಬಿಟ್ಟಳು. ಸಾಬ ಗೋಡೆಗೆ ಬೆನ್ನು ಹಚ್ಚಿ ಕುಳಿತಿದ್ದ. ಹುಚ್ಚಪ್ಪ ಅವನ ಕಾಲ ಹತ್ತಿರ ಕುಳಿತು, ಸುಣ್ಣ ನನ್ನದು, ಬೆಂಕಿ ನನ್ನದು, ಬಾಯಿ ಬಿಡದವನು ನಾನು ಎಂದು ಎಲ್ಲ ಹೇಳಿದ. ಸಾಬ ಪೂರಾ ಕೇಳಿದ.

"ಇದು ನನಗ ಗೊತ್ತಿದ್ದದ್ದ ಐತಿ ಹುಚ್ಚಪ್ಪಣ್ಣ," ಎಂದ. "ಮಂದಿ ಕೇಳಿದ್ರ ನಾ ಅದೀನಿ ಅಂದಿದ್ದಿ. ಮಂದಿ ಇನ್ನೂ ಕೇಳಾಕತ್ತೈತಿ. ಹೋಗಿ ಅವರಿಗೆ ಹೇಳು."

ಆ ಭಾನುವಾರ ಶಾಲೆಯ ಮುಂದೆ ಹುಚ್ಚಪ್ಪ ಊರಿಗೆಲ್ಲ ಹೇಳಿದ. ಕೆಲವರು ತಲೆ ತಗ್ಗಿಸಿದರು. ಕೆಲವರು ಆದದ್ದು ಆಗಿಹೋಯಿತು ಎಂದು ಎದ್ದು ಹೋದರು. ಎದ್ದು ಹೋದವರೂ ಕೊಡ ಹೊತ್ತವರೇ. ಮಗಳ ಲಗ್ನ ಗಿಲಾವಿಲ್ಲದ ಗೋಡೆಯ ಮುಂದೆಯೇ ನಡೆಯಿತು. ಆ ಗೋಡೆಗೆ ಸುಣ್ಣ ಮುಟ್ಟಿಸಲು ಮುತ್ತವ್ವ ಕೊನೆಯವರೆಗೂ ಬಿಡಲಿಲ್ಲ.

ಮಾಸ್ತರರು ದೊಡ್ಡ ನಕಾಶೆಯ ಒಂದೊಂದು ಸುತ್ತಿನ ಪಕ್ಕಕ್ಕೂ 'ಇನ್ನೂ ಗೊತ್ತಿಲ್ಲ' ಎಂದು ಬರೆದು ತಿರುಗಿ ತೂಗುಹಾಕಿದರು. ಶಾಲೆಯ ಅಂಗಳದಲ್ಲಿ ಮಳೆ ಅಳೆಯುವ ಪಾತ್ರೆ ಹುಗಿದರು. ಮಳೆ ಬಿದ್ದ ಮರುದಿನ ಬೆಳಿಗ್ಗೆ ಹುಚ್ಚಪ್ಪ ಅದನ್ನು ಅಳೆದು, ಮಹಬೂಬಸಾಬನ ಬಾಗಿಲಿಗೆ ಹೋಗಿ ಇಷ್ಟು ಬಿತ್ತು ಎಂದು ಹೇಳಿ ಬರುತ್ತಿದ್ದ. ಸಾಬ ಕೆಲವು ದಿನ ಹೂಂ ಎನ್ನುತ್ತಿದ್ದ, ಕೆಲವು ದಿನ ಏನೂ ಅನ್ನುತ್ತಿರಲಿಲ್ಲ.

ಓದುವ ಅಕ್ಕ, ತಂಗಿ, ಅಣ್ಣ, ತಮ್ಮಂದಿರೆ, ಆ ಭಟ್ಟಿ ಇಂದು ಬರೀ ಕಲ್ಲಿನ ರಾಶಿ. ಆದರೆ ಮಳೆ ಕಟ್ಟಿದ್ದಾರೆ ಎಂಬ ಮಾತು ಇನ್ನೂ ಸತ್ತಿಲ್ಲ. ವಿಮಾನ ಬಂದು ಮೋಡ ಓಡಿಸಿತು, ಗುಡ್ಡದ ಮೇಲಿನ ಗಾಳಿಕಂಬ ಮಳೆ ನಿಲ್ಲಿಸಿತು ಎಂದು ಇಂದಿಗೂ ಕಟ್ಟೆಯ ಮೇಲೆ ಕೇಳುತ್ತೇವೆ, ಮೊಬೈಲಿನಲ್ಲಿ ಓದುತ್ತೇವೆ. ಮೋಡ ಬಿತ್ತನೆ ಎಂಬುದು ಇದೆ, ಸುಳ್ಳಲ್ಲ. ಇದ್ದ ಮೋಡದಿಂದ ಸ್ವಲ್ಪ ಹೆಚ್ಚು ಮಳೆ ಬೀಳಿಸುವ ಪ್ರಯತ್ನ ಅದು. ಇಲ್ಲದ ಮೋಡವನ್ನು ಹುಟ್ಟಿಸಲು ಅದಕ್ಕೂ ಬರುವುದಿಲ್ಲ. ಎಲ್ಲಿಯೋ ಮಾಡಿದರು ಎಂದು ಯಾರಾದರೂ ಹೇಳಿದರೆ ಎಲ್ಲಿ, ಯಾವಾಗ, ಯಾರು, ಮಳೆ ಅಳೆದವರು ಯಾರು ಎಂದು ಕೇಳಿರಿ. ಉತ್ತರ ಸಿಗದಿದ್ದರೆ ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳಿರಿ, ಅದರಲ್ಲಿ ಅವಮಾನವಿಲ್ಲ. ನಿಮ್ಮೂರ ಶಾಲೆಯಲ್ಲಿ ಮಳೆ ಅಳೆಯುವುದನ್ನು ಮಕ್ಕಳಿಗೆ ಕಲಿಸಿರಿ. ಮತ್ತು ಒಬ್ಬನ ಮನೆಯ ಮುಂದೆ ಊರು ಕೂಡುವಾಗ ನಿಜ ಗೊತ್ತಿದ್ದವರು ನೀವಾಗಿದ್ದರೆ, ಅಲ್ಲಿಯೇ ಹೇಳಿಬಿಡಿರಿ.

ಕೊಡ ಹೆಗಲಿಗೆ ಏರುವ ಮೊದಲು, ಪಕ್ಕದ ನಾಲ್ಕು ಊರಿನ ಮಳೆ ಕೇಳಿರಿ.