ಸಿಸ್ಟರ್‌ಗೆ ಕೊಟ್ಟ ಆರು ಮಾರ್ಕ್ಸ್

ಲೆಕ್ಕದ ಮೇಷ್ಟ್ರ ಕೈಯಲ್ಲಿ ಹತ್ತಕ್ಕೆ ಹತ್ತು ತೆಗೆದ ಒಂದು ನರಪಿಳ್ಳೆಯೂ ಇಲ್ಲ. ಮೂವತ್ತೈದು ವರ್ಷ ಪೇಪರ್ ತಿದ್ದಿದ ಆಸಾಮಿ, ಸ್ವಂತ ಮಗಳಿಗೇ ಏಳು ದಾಟಿಸಲಿಲ್ಲ. ಮದುವೆಯಾದ ಹೊಸತರಲ್ಲಿ ಹೆಂಡತಿಯ ಅಡುಗೆಗೆ ಆರು ಕೊಟ್ಟಿದ್ದರು. ಆಕೆ ಅದನ್ನು ಇವತ್ತಿಗೂ ಮರೆತಿಲ್ಲ, ಬಿಡಿ.

ಹೊಟ್ಟೆಯಲ್ಲಿ ಕ್ಯಾನ್ಸರ್ ಅಂತ ಗೊತ್ತಾದ ಮೇಲೆ ಮೂರು ವಾರಕ್ಕೊಮ್ಮೆ ಆಸ್ಪತ್ರೆಯ ಕೀಮೋ ವಾರ್ಡು. ಮೇಷ್ಟ್ರ ನರಗಳೋ, ಸೂಜಿ ಕಂಡರೆ ಅಡಗಿ ಕೂರುವ ಜಾತಿ. ಬೇರೆ ನರ್ಸುಗಳು ಐದಾರು ಸಲ ಚುಚ್ಚಿ ಕೈಚೆಲ್ಲುತ್ತಿದ್ದರು. ಕನ್ನಡಕದ ಸಿಸ್ಟರ್ ಒಬ್ಬಳೇ ಕೈಗೆ ಬಿಸಿ ಬಟ್ಟೆ ಸುತ್ತಿ, ಬೆರಳಲ್ಲಿ ತಡವಿ, ಒಂದೇ ಏಟಿಗೆ ನರ ಹಿಡಿಯುತ್ತಿದ್ದಳು.

ಹೋದ ಸಲ ಹೊರಡುವಾಗ ಕೈಗೊಂದು ಹಾಳೆ ಕೊಟ್ಟಿದ್ದರು: ನಮ್ಮ ಸೇವೆಗೆ ಹತ್ತಕ್ಕೆ ಎಷ್ಟು? ಮೇಷ್ಟ್ರು ಜೇಬಿನಿಂದ ಕೆಂಪು ಪೆನ್ನು ತೆಗೆದರು. ಗಂಟೆಗಟ್ಟಲೆ ಕಾಯಿಸಿದ್ದಕ್ಕೆ ಮೂರು. ಕ್ಯಾಂಟೀನಿನ ಚಹಾಕ್ಕೆ ಎರಡು. ಡಾಕ್ಟರಿಗೆ ಐದು. ಸಿಸ್ಟರ್‌ಗೆ ಮಾತ್ರ ಮನಸಾರೆ ಆರು.

ಈ ಸಲ ಬಂದರೆ ಸಿಸ್ಟರ್ ಮುಖ ಸಪ್ಪಗಿತ್ತು. ಎಂದಿನಂತೆ ಒಂದೇ ಏಟಿಗೆ ಸೂಜಿ ಹಾಕಿ ಡ್ರಿಪ್ ಬಿಟ್ಟಳು.

"ನಾಳೆಯಿಂದ ನನ್ನ ರೆಕಾರ್ಡ್ ರೂಮಿಗೆ ಹಾಕ್ತಿದಾರೆ ಸರ್. ಎಂಟಕ್ಕಿಂತ ಕಮ್ಮಿ ಬಂದ್ರೆ ಪೇಷೆಂಟಿಗೆ ಅಸಮಾಧಾನ ಅಂತ ಲೆಕ್ಕ. ನನ್ನ ಹೆಸರಲ್ಲಿ ಬಂದಿದ್ದು ನಿಮ್ಮದೊಂದೇ ಹಾಳೆ."

ಮೇಷ್ಟ್ರು ಧಡಕ್ಕನೆ ಎದ್ದು ಕೂತರು. "ಅಯ್ಯೋ ತಾಯಿ! ನನ್ನ ಕೈಯಲ್ಲಿ ಆರು ಅಂದ್ರೆ ಚಿನ್ನದ ಪದಕ!"

"ನಾನೇನೋ ಫೈಲ್ ಜೋಡಿಸ್ಕೊಂಡು ಇರ್ತೀನಿ. ನಿಮ್ಮ ಕೈಗೆ ಯಾರು ಸೂಜಿ ಹಾಕ್ತಾರೋ ಅನ್ನೋದೇ ಚಿಂತೆ."

ಇಷ್ಟಾದರೂ ಹುಡುಗಿಗೆ ತನ್ನ ಚಿಂತೆಯಿಲ್ಲ! ಮೇಷ್ಟ್ರ ಕಣ್ಣು ತುಂಬಿಬಂತು. ಡ್ರಿಪ್ ಸ್ಟ್ಯಾಂಡು ತಳ್ಳಿಕೊಂಡೇ ಸೂಪರಿಂಟೆಂಡೆಂಟ್ ಮೇಡಂ ಕೋಣೆಗೆ ನಡೆದರು. ಹಿಂದೆಯೇ ಹೆಂಡತಿ.

"ನನ್ನ ಹಾಳೆ ಕೊಡಿ ಮೇಡಂ. ಮರುಮೌಲ್ಯಮಾಪನ ಆಗ್ಬೇಕು."

"ಕೊಟ್ಟ ಮಾರ್ಕ್ಸ್ ಬದಲಾಯಿಸೋ ಹಾಗಿಲ್ಲ."

"ತಿದ್ದಿದೋನು ತಪ್ಪು ಮಾಡಿದ್ರೆ ಬರೆದೋರು ಯಾಕೆ ಫೇಲಾಗ್ಬೇಕು? ಇಷ್ಟು ವರ್ಷ ಜಿಪುಣತನಾನೇ ಶಿಸ್ತು ಅಂದ್ಕೊಂಡಿದ್ದೆ. ತಪ್ಪು ನಂದು."

ಮೇಡಂ ಒಮ್ಮೆ ಸ್ಟ್ಯಾಂಡನ್ನೂ ಒಮ್ಮೆ ಮೇಷ್ಟ್ರನ್ನೂ ನೋಡಿ, ಹಾಳೆ ಹುಡುಕಿ ಮುಂದಿಟ್ಟರು. ಮೇಷ್ಟ್ರು ಆರನ್ನು ಹೊಡೆದು ಹಾಕಿ, ಹತ್ತು ಬರೆದು ಸಹಿ ಹಾಕಿದರು. ಜನ್ಮದಲ್ಲಿ ಮೊದಲನೆಯದು.

"ಸರಿ, ಸಿಸ್ಟರ್ ಇಲ್ಲೇ ಇರ್ಲಿ," ಅಂದರು ಮೇಡಂ.

ಹೊರಗೆ ಬಂದ ಮೇಲೆ ಹೆಂಡತಿ ಕೆಣಕಿದರು. "ರೀ, ನನ್ನ ಆರಕ್ಕೂ ಮರುಮೌಲ್ಯಮಾಪನ ಉಂಟಾ?"

"ಇಲ್ಲ ಕಣೇ. ನೀನಿನ್ನೂ ಪರೀಕ್ಷೆ ಬರೀತಾನೇ ಇದೀಯ."

"ಅಬ್ಬಾ! ಅದು ಮುಗಿಯೋದು ಯಾವಾಗ?"

ಮೇಷ್ಟ್ರು ನಡೆಯುವುದನ್ನು ನಿಲ್ಲಿಸಿದರು. "ಮುಗಿಯೋದು ಬೇಡ. ನಂಗಿನ್ನೂ ನಿನ್ನ ಜೊತೆ ಇರ್ಬೇಕು."

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು, ಡ್ರಿಪ್ ಸ್ಟ್ಯಾಂಡನ್ನು ತಾವೇ ಹಿಡಿದುಕೊಂಡರು.

"ಸಾಕು ನಡೀರಿ, ಸಿಸ್ಟರ್ ಬೈತಾಳೆ."