ಮಂಡಕ್ಕಿ ದಿನ

ಹಿರೇಗುಂಟನೂರಿನ ಆಚೆಯ ಗುಡ್ಡದ ಗಣಿಯಲ್ಲಿ ಹೆಂಗಸರಿಗೆಂದೇ ಒಂದು ರಜೆ ಇತ್ತು. ಕಾರ್ಮಿಕ ಇಲಾಖೆಯವರು ತಪಾಸಣೆಗೆ ಬರುವ ದಿನ ಹೆಂಗಸರ್ಯಾರೂ ಅವರ ಕಣ್ಣಿಗೆ ಬೀಳಬಾರದು, ಗುಡ್ಡದ ಹಿಂದಿನ ಹೊಂಗೆ ತೋಪಿನಲ್ಲಿ ಕೂತಿರಬೇಕು. ಅಂದಿನ ಕೂಲಿಗೆ ಮೋಸವಿಲ್ಲ, ಜೊತೆಗೆ ಕಂಪನಿಯ ಲೆಕ್ಕದಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಹೆಂಗಸರು ಅದಕ್ಕೆ ಮಂಡಕ್ಕಿ ದಿನ ಎಂದು ಹೆಸರಿಟ್ಟುಕೊಂಡು ಆಸೆಯಿಂದ ಕಾಯುತ್ತಿದ್ದರು.

ಎಂಟು ವರ್ಷ ಅವರನ್ನು ಆ ತೋಪಿಗೆ ಕರೆದುಕೊಂಡು ಹೋದವಳು ಬೇರೆ ಯಾರೂ ಅಲ್ಲ, ಈಗ ಸಂಘ ಕಟ್ಟಿ ಕಂಪನಿಯ ನಿದ್ದೆ ಕೆಡಿಸಿರುವ ಹುಲಿಗೆಮ್ಮನೇ. "ಲೇ, ಬಿಸಿ ಇದ್ದಾಗ್ಲೇ ತಿನ್ರೇ" ಎಂದು ಬಜ್ಜಿ ಹಂಚಿದವಳೂ ಅವಳೇ. ಅದನ್ನು ನೆನೆದರೆ ಅವಳಿಗೆ ತನ್ನ ಮೇಲೇ ಸಿಟ್ಟು ಬರುತ್ತದೆ.

ಅವಳ ಕಣ್ಣು ತೆರೆಸಿದ್ದು ನಾಗಕ್ಕನ ಕೈ. ಅದಿರು ಹೊತ್ತು ಓಡುವ ಬೆಲ್ಟಿನ ಪಕ್ಕದಲ್ಲಿ ನಿಂತು, ಅದರೊಳಗಿನ ಬಿಳಿಕಲ್ಲನ್ನು ಆರಿಸಿ ಎಸೆಯುವುದು ಹೆಂಗಸರ ಕೆಲಸ. ಎರಡು ತಿಂಗಳ ಹಿಂದೆ ನಾಗಕ್ಕನ ಬಲಗೈ ರೋಲರಿಗೆ ಸಿಕ್ಕಿ ಮೂರು ಬೆರಳು ಹೋದವು. ಪರಿಹಾರ ಕೇಳಿದರೆ ಮ್ಯಾನೇಜರ್ ಮುರುಗೇಶ್ ಹಾಜರಿ ಪುಸ್ತಕ ತೆರೆದು ತೋರಿಸಿದ. ಅದರಲ್ಲಿ ಒಬ್ಬ ಹೆಂಗಸಿನ ಹೆಸರೂ ಇರಲಿಲ್ಲ, ಇದ್ದದ್ದೆಲ್ಲ ಗಂಡಂದಿರದು. ನಾಗಕ್ಕ ಗೊಲ್ಲರವಳು ನೋಡಿ, ಕುರಿ ಮೇಯಿಸಲು ಬಂದವಳು ಯಂತ್ರಕ್ಕೆ ಕೈ ಕೊಟ್ಟಳು ಎಂದು ಕಂಪನಿ ಇಲಾಖೆಗೆ ಬರೆದುಕೊಟ್ಟಿತು. ಇಂಥ ಸುಳ್ಳು ಬರೆದ ಕೈಗೆ ಏನೂ ಆಗಲಿಲ್ಲ!

ಹುಲಿಗೆಮ್ಮನ ಸಂಘ ಇಲಾಖೆಗೆ ಕೊಟ್ಟಿದ್ದ ದೂರಿನ ವಿಚಾರಣೆಗೆ ಸೋಮವಾರ ಅಧಿಕಾರಿ ಬರುವವರಿದ್ದರು. ಬೆಳಿಗ್ಗೆಯೇ ಮಂಡಕ್ಕಿ ಚೀಲ ಬಂತು.

"ಇವತ್ತು ತೋಪಿಗೆ ಹೋದ್ರೆ, ನಾಗಕ್ಕ ಕುರಿ ಕಾಯಾಕೆ ಬಂದಿದ್ಲು ಅಂತ ನಾವೇ ಸಾಕ್ಷಿ ಹೇಳ್ದಂಗೆ" ಎಂದಳು ಹುಲಿಗೆಮ್ಮ.

"ಕೆಲ್ಸ ಹೋದ್ರೆ ಏನ್ ಮಾಡಾಣಕ್ಕ?" ದುರುಗಕ್ಕನ ದನಿ ನಡುಗುತ್ತಿತ್ತು.

"ನಂಗೂ ಭಯ ಐತೆ ಕಣೇ. ಆದ್ರೂ ಬೆಲ್ಟಿನ ತಾವ್ಕೇ ಹೋಗಾಣ."

ಮೂವತ್ತು ಹೆಂಗಸರು ಹೋಗಿ ನಿಂತರು. ತಪಾಸಣೆಯ ದಿನ ರಿಪೇರಿಯ ನೆಪದಲ್ಲಿ ಬೆಲ್ಟು ನಿಂತಿರುವುದು ವಾಡಿಕೆ, ಅಂದೂ ನಿಂತಿತ್ತು. ಜೀಪಿನಿಂದ ಇಳಿದ ಅಧಿಕಾರಿ ಸುಪ್ರಿಯಾ, "ಇವರೆಲ್ಲ ಯಾರು?" ಎಂದು ಕೇಳಿದರು.

ಮುರುಗೇಶ್ ಹಲ್ಲು ಕಿರಿದ. "ಸೌದೆ ಆಯೋಕೆ ಬರ್ತಾರೆ ಮೇಡಂ. ಇಲ್ಲಿ ಕಲ್ಲು ಬೇರೆ ಮಾಡೋದೆಲ್ಲ ಮಿಷನ್ನೇ."

"ಹಂಗಾದ್ರೆ ಮಿಷನ್ ಹಾಕಿಸ್ರಿ ಮೇಡಂ, ನಾವೂ ನೋಡಾಣ" ಎಂದಳು ಹುಲಿಗೆಮ್ಮ.

ಸುಪ್ರಿಯಾ ತಲೆಯಾಡಿಸಿದರು. ಮುರುಗೇಶನಿಗೆ ಬೇರೆ ದಾರಿ ಇರಲಿಲ್ಲ. ಬೆಲ್ಟು ಓಡಿತು. ಹೆಂಗಸರು ಕೈ ಕಟ್ಟಿ ನಿಂತರು. ಕೆಂಪು ಅದಿರಿನ ಜೊತೆ ಬಿಳಿಕಲ್ಲುಗಳೂ ಮೆರವಣಿಗೆ ಹೊರಟು ದಡದಡನೆ ಲಾರಿಗೆ ಬೀಳತೊಡಗಿದವು.

"ಸಾರ್, ಬರೀ ಕಲ್ಲೇ ಬೀಳ್ತಾ ಐತೆ! ಫ್ಯಾಕ್ಟರಿಯೋರು ಈ ಲೋಡು ವಾಪಸ್ ಕಳಿಸ್ತಾರೆ!" ಲಾರಿ ಡ್ರೈವರ್ ಕಾಟಯ್ಯ ಕೂಗಿದ.

ಮುರುಗೇಶ್ ಒಮ್ಮೆ ಲಾರಿ ನೋಡಿದ, ಒಮ್ಮೆ ಹೆಂಗಸರನ್ನು ನೋಡಿದ. ತಡೆಯಲಾಗಲಿಲ್ಲ. "ಏನ್ರೇ ನೋಡ್ತಾ ನಿಂತಿದೀರಿ? ನಿಮ್ಮ ನಿಮ್ಮ ಜಾಗಕ್ಕೆ ಹೋಗ್ರೇ! ಹೋಗ್ದಿದ್ದೋರು ನಾಳೆಯಿಂದ ಕೆಲಸಕ್ಕೆ ಬರಬೇಡ್ರಿ!"

ಅಂದಮೇಲೆ ನಾಲಿಗೆ ಕಚ್ಚಿಕೊಂಡ. ಸುಪ್ರಿಯಾ ಬೆಲ್ಟು ನಿಲ್ಲಿಸಲು ಹೇಳಿದರು.

"ಕೇಳಿಸ್ಕಂಡ್ರಾ ಮೇಡಂ? ಇಲ್ದಿರೋ ಕೆಲಸದಿಂದ ನಮ್ಮನ್ನ ತೆಗೆದು ಹಾಕ್ತಾರಂತೆ" ಎಂದಳು ಹುಲಿಗೆಮ್ಮ. "ಎಂಟು ವರ್ಷ ನೀವು ಬಂದಾಗೆಲ್ಲ ಇವರನ್ನ ತೋಪಿನಾಗೆ ಬಚ್ಚಿಟ್ಟೋಳು ನಾನೇ. ತಪ್ಪಾಗೈತೆ. ಅದನ್ನೂ ಬರ್ಕಳ್ರಿ."

ಸುಪ್ರಿಯಾ ಪೆನ್ನು ತೆಗೆದರು. "ನಾಗಕ್ಕ ಇಲ್ಲಿ ಕೆಲಸ ಮಾಡ್ತಿದ್ದಿದ್ದನ್ನ ಯಾರು ನೋಡಿದೀರಿ? ಹೆಸರು ಹೇಳಿ ಸಹಿ ಹಾಕಬೇಕು."

"ಹೆಸರು ಕೊಟ್ಟೋರ ಗತಿ ಆಮೇಲೆ ನೋಡ್ಕೋತೀನಿ" ಎಂದು ಮುರುಗೇಶ್ ಗುರುಗುಟ್ಟಿದ. ಯಾರೂ ಕದಲಲಿಲ್ಲ. ಹುಲಿಗೆಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಅಷ್ಟರಲ್ಲಿ ದುರುಗಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದಳು. ಈಗ ಅವಳ ದನಿ ನಡುಗಲಿಲ್ಲ.

"ದುರುಗಕ್ಕ ಅಂತ ಬರ್ಕಳ್ರಿ. ನಾಗಕ್ಕನ ಪಕ್ಕದ ಜಾಗ ನಂದು, ಆರು ವರ್ಷದಿಂದ. ಅವತ್ತು ಅವಳ ಬೆರಳು ಅದಿರಿನ ಜೊತೆ ಹೋಗ್ತಿದ್ವು. ಕಲ್ಲು ಆರಿಸ್ದಂಗೆ ಆರಿಸಿ ತೆಗೆದೋಳು ನಾನು."