ಕೋಡು ಮೂಡಿದ ಹಲ್ಲು

ನಾನು ಒಂದು ಹಲ್ಲು. ಬಾದಾಮಿಯ ರೇಣುಕಾ ಭಜಂತ್ರಿಯ ಮೇಲ್ಸಾಲಿನ ನಟ್ಟನಡುವೆ ಇಬ್ಬರಿದ್ದೇವಲ್ಲ, ಅದರಲ್ಲಿ ಎಡಗಡೆಯದು. ಅವಳ ಏಳನೇ ವರ್ಷದಲ್ಲಿ ಒಸಡು ಸೀಳಿಕೊಂಡು ಹುಟ್ಟಿದೆ. ಎದುರಿನಿಂದ ನೋಡಿದರೆ ಎಲ್ಲರಂತೆಯೇ ಇದ್ದೆ. ಆದರೆ ಬೆನ್ನಿಗೆ, ನಾಲಿಗೆಯ ಕಡೆಗೆ, ಹಕ್ಕಿಯ ಉಗುರಿನಂಥ ಒಂದು ಕೋಡಿತ್ತು!

ಅಜ್ಜಿ ಫಕೀರವ್ವ ತಕ್ಷಣ ಕಾರಣ ಕಂಡುಹಿಡಿದಳು. "ಹಾಲಹಲ್ಲು ಸಗಣ್ಯಾಗ ಇಟ್ಟು ಮಾಳಗಿ ಮ್ಯಾಲೆ ಒಗದ್ರ, ತಗಡಿನ ಮ್ಯಾಲಿಂದ ಜಾರಿ ಎಮ್ಮಿ ಮುಂದ ಬಿತ್ತು. ಅದಕ್ಕ ಕೋಡು ಮೂಡೇತಿ!"

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ರೇಣಿ ಬಾಯಿ ಮುಚ್ಚಿದಾಗಲೆಲ್ಲ ಕೆಳಗಿನ ಹಲ್ಲು ನನ್ನ ಕೋಡಿಗೆ ಗುದ್ದುತ್ತಿತ್ತು. ನಾನು ನೋಯುತ್ತಿದ್ದೆ, ಅಲುಗುತ್ತಿದ್ದೆ. ಅವಳ ಅಪ್ಪ ಯಮನಪ್ಪ ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುವವನು. ಒಂಬತ್ತನೇ ವರ್ಷಕ್ಕೆ ಮಗಳೂ ಹಟ ಹಿಡಿದು ಕಲಿಯತೊಡಗಿದ್ದಳು. ಕ್ಲಾರಿನೆಟ್ಟಿನ ತುದಿಯನ್ನು ಮೇಲಿನಿಂದ ಅದುಮಿ ಹಿಡಿಯುವವರು ನಾವೇ, ಮುಂದಿನ ಹಲ್ಲುಗಳು. ನಾನು ಅಲುಗಿದರೆ ಸ್ವರವೂ ಅಲುಗುತ್ತಿತ್ತು.

"ಕೀಳಿಸಿಬಿಡೋ ಯಮನ್ಯಾ," ಎಂದಳು ಫಕೀರವ್ವ.

"ನಾ ಒಲ್ಲೆ! ಹಲ್ಲು ಹೋದ್ರ ಊದೂದು ಹೆಂಗ?" ಎಂದಳು ರೇಣಿ.

ಯಮನಪ್ಪನಿಗೆ ಉಪಾಯ ಹೊಳೆಯಿತು. ಕ್ಲಾರಿನೆಟ್ಟಿನ ಬಾಯಿಗೆ ಕಟ್ಟುವ ತೆಳ್ಳನೆಯ ಜೊಂಡಿನ ಸೀಳು, ಅಂದರೆ ರೀಡು, ದಪ್ಪವಾದರೆ ಅವನು ಪಾಲಿಶ್ ಪೇಪರಿನಿಂದ ಉಜ್ಜಿ ಹದ ಮಾಡುತ್ತಾನೆ. ಅದೇ ಪೇಪರಿನ ತುಂಡು ಹಿಡಿದು ನನ್ನ ಬೆನ್ನಿಗೆ ಬಂದ! ನಾಲ್ಕೇ ಸಲ ಉಜ್ಜಿದ. ಒಸಡು ಕಿತ್ತು ರಕ್ತ ಬಂತು. ರೇಣಿ ಚೀರಿದ್ದಕ್ಕೆ ಓಣಿಯ ನಾಯಿಗಳೆಲ್ಲ ಬೊಗಳಿದವು.

ಮರುದಿನ ಹಲ್ಲಿನ ಡಾಕ್ಟರ್ ನಫೀಸಾ ಎಲ್ಲ ಕೇಳಿದರು, ಎಕ್ಸ್‌ರೇ ನೋಡಿದರು. ಬೈಯಲಿಲ್ಲ.

"ರೀಡು ಹೆಂಗ ಕೆರಿತೀರಿ ಯಮನಪ್ಪ?"

"ಚೂರು ಕೆರದು, ಊದಿ ನೋಡೂದ್ರಿ. ಮತ್ತ ಚೂರು."

"ಒಮ್ಮೆಲೇ ಕೆರದ್ರ?"

"ಸತ್ತೇ ಹೋಗ್ತೈತ್ರಿ."

"ಇದೂ ಹಂಗ. ಈ ಕೋಡಿನೊಳಗ ಜೀವ ಐತಿ. ಚೂರು ಕೆರದು, ಔಷಧ ಹಚ್ಚಿ, ಎರಡು ತಿಂಗಳು ಬಿಡೂಣು. ಒಳಗ ಅದು ತಾನ ಗ್ವಾಡಿ ಕಟಗೊಳ್ತೈತಿ. ಆಮ್ಯಾಲೆ ಮತ್ತ ಚೂರು. ಅಲ್ಲೀತನಕ ಊದೂ ಹಂಗಿಲ್ಲ. ತಡಕೋತಿ ಏನವಾ?"

ರೇಣಿ ಕಣ್ಣು ಒರೆಸಿಕೊಂಡು ತಲೆಯಾಡಿಸಿದಳು.

ಅಂದಿನಿಂದ ಲಟ್ಟಣಿಗೆಯೇ ಅವಳ ಕ್ಲಾರಿನೆಟ್. ಅದರ ಮೇಲೆ ಬೆರಳು ಕುಣಿಸುತ್ತ ಕೂರುತ್ತಿದ್ದಳು. "ಚಪಾತಿ ಮಾಡಬೇಕು, ನಿನ್ನ ವಾದ್ಯ ಕೊಡಬೇ!" ಎಂದು ಅಜ್ಜಿ ಕೂಗುತ್ತಿದ್ದಳು. ಎರಡು ತಿಂಗಳಿಗೊಮ್ಮೆ ಡಾಕ್ಟರ ಕುರ್ಚಿ, ಕೆರೆಯುವ ಯಂತ್ರದ ಜುಂಯ್ ಸದ್ದು. ಮೂರನೇ ಸಲ ಕೆರೆದ ಮೇಲೆ ತಣ್ಣೀರು ತಗುಲಿದರೂ ಜುಮ್ಮೆಂದೆ. ಡಾಕ್ಟರು ಇನ್ನೊಂದು ತಿಂಗಳು ಕಾಯಿಸಿದರು. ರೇಣಿ ಕಾದಳು. ನಾನೂ ಬಿಡಲಿಲ್ಲ. ಹೊರಗೆ ಸವೆಯುತ್ತಿದ್ದೆ, ಒಳಗೆ ಗೋಡೆ ಕಟ್ಟುತ್ತಿದ್ದೆ.

ಐದನೇ ಸಲಕ್ಕೆ ಕೋಡು ಮುಗಿಯಿತು. ಮನೆಗೆ ಬಂದವಳೇ ಕ್ಲಾರಿನೆಟ್ ಎತ್ತಿದಳು. ಮೊದಲ ಸ್ವರ ಕೀಂಯ್ ಎಂದು ಒಡೆಯಿತು. ಯಮನಪ್ಪನ ಮುಖ ಬಾಡಿತು.

"ಹಲ್ಲಿಂದಲ್ಲಪ್ಪಾ, ರೂಢಿ ತಪ್ಪೇತಿ," ಎಂದು ಮತ್ತೆ ಊದಿದಳು. ನಾನು ಗಟ್ಟಿಯಾಗಿ ಅದುಮಿದೆ. ಸ್ವರ ನಿಂತಿತು.

"ಕೋಡು ಹೋದ್ರೂ ಗೂಳಿ ಗೂಳೀನ," ಎಂದಳು ಫಕೀರವ್ವ.

ಇದಾಗಿ ಹದಿನೈದು ವರ್ಷ. ಈಗ ಬ್ಯಾಂಡಿನ ಮುಂದೆ ನಿಂತು ಊದುವವಳು ರೇಣಿ. ಊದಿ ಊದಿ ನನ್ನ ಅಂಚು ಸವೆದಿದೆ. ಅವಳ ವಾದ್ಯದ ಪೆಟ್ಟಿಗೆಯಲ್ಲಿ ಅಪ್ಪನ ಆ ಪಾಲಿಶ್ ಪೇಪರಿನ ತುಂಡು ಇನ್ನೂ ಇದೆ. ಅದನ್ನು ಕಂಡರೆ ಇವತ್ತಿಗೂ ನಡುಗುತ್ತೇನೆ. ಆದರೆ ಅಲುಗುವುದಿಲ್ಲ.